ಯಶೋದಾಳ ಸೀರೆಯ ಮೇಲಿನ ಗೆರೆ

ಹಿಂದೂಪುರದ ನೇಕಾರರ ಬೀದಿಯಲ್ಲಿ ಯಶೋದಾಳ ಕೈಗೆ ಹೆಸರಿತ್ತು. ಅವಳು ನೇಯ್ದ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ಹುಡುಕಿದರೂ ಒಂದು ಗೆರೆ ಸಿಗದು. ಹೂವಿನ ಸಾಲಿನ ನಡುವೆ ಕೈ ನಿಲ್ಲಿಸಿ ಮತ್ತೆ ಶುರುಮಾಡಿದರೆ ಅಲ್ಲೊಂದು ತೆಳ್ಳನೆಯ ಗೆರೆ ಉಳಿದುಬಿಡುತ್ತದೆ. ಹಾಗಾಗಿ ಸಾಲು ಮುಗಿಯುವ ತನಕ ಮನೆಗೆ ಯಾರು ಬಂದರೂ ಅವಳು ತಲೆಯೆತ್ತುವವಳಲ್ಲ.

ಅಂಥವಳಿಗೆ ಈ ಬೇಸಿಗೆಯಿಂದ ಹೊಟ್ಟೆಯುರಿ ಹತ್ತಿಕೊಂಡಿತ್ತು. ಉರಿ ನಾದಿನಿಯ ಮೇಲೆ. ಕಲ್ಯಾಣದುರ್ಗದಲ್ಲಿ ಬಟ್ಟೆ ಹೊಲಿಯುವ ರಮಾದೇವಿಯ ಮನೆಗೆ ರಜೆಯಲ್ಲಿ ಹೋಗಿದ್ದ ಯಶೋದಾಳ ಏಳು ವರ್ಷದ ಮಗು ಅಂಜಿ, ಅತ್ತೆಯ ಕಿವಿಯಲ್ಲಿ, "ನಾನ್ ಹುಡ್ಗ ಅಲ್ಲ ಅನ್ಸ್ತದೆ ಅತ್ತೆ, ಹುಡ್ಗಿ ಇರ್ಬೋದು" ಎಂದಿತ್ತು. ಹೇಳಲೇ ಎಂದು ಮಗುವನ್ನು ಕೇಳಿಯೇ ರಮಾದೇವಿ ಮನೆಗೆ ತಿಳಿಸಿದಳು. ಯಶೋದಾಳ ಗಂಡ ದಯಾನಂದ್ ಹೆದರಿದ. ಯಶೋದಾ ಹೆದರಲಿಲ್ಲವೆಂದಲ್ಲ, ಆದರೆ ಹೆದರಿಕೆಗಿಂತ ಮೊದಲು ಬಂದದ್ದು ಒಂದೇ ಪ್ರಶ್ನೆ: ನನಗೇಕೆ ಹೇಳಲಿಲ್ಲ?

ಇಬ್ಬರೂ ಮಗುವನ್ನು ಕರೆದೊಯ್ದು ತೋರಿಸಿದ ಮಕ್ಕಳ ಮನಸ್ಸಿನ ಡಾಕ್ಟರ್ ಬನಶ್ರೀ, ಅಂಜಿಯ ಜೊತೆ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚಿದರು. ಆಮೇಲೆ ಅಪ್ಪ ಅಮ್ಮನನ್ನು ಕರೆದರು. "ಇದು ಕಾಯಿಲೆ ಅಲ್ಲ. ಈ ವಯಸ್ಸಿಗೆ ಮಾತ್ರೆ, ಇಂಜೆಕ್ಷನ್ ಏನೂ ಇಲ್ಲ. ಮುಂದೆ ಹೆಂಗೆ ಅಂತ ಈಗ್ಲೇ ಯಾರೂ ಹೇಳೋಕಾಗಲ್ಲ. ಬಯ್ಯಬೇಡಿ, ನೀವೇ ಮುಂದಾಗಿ ನೂಕಲೂ ಬೇಡಿ. ಮಗು ಹೇಳೋದನ್ನ ಕೇಳಿ. ಯಾರಿಗೆ ಹೇಳ್ಬೇಕು ಅನ್ನೋದೂ ಮಗೂಗೇ ಬಿಟ್ಟಿದ್ದು. ಆಗಾಗ ಕರ್ಕೊಂಡು ಬನ್ನಿ."

ಕೇಳೋಕೆ ನನಗೆ ಹೇಳಿದರೆ ತಾನೇ, ಎಂದು ಯಶೋದಾ ಮನಸ್ಸಿನಲ್ಲೇ ಗೊಣಗಿದಳು.

ಸಂಜೆಯಾದರೆ ಅಂಜಿ ಫೋನು ಹಿಡಿದು ನೀರಿನ ಡ್ರಮ್ಮಿನ ಹಿಂದೆ ಸೇರಿಕೊಳ್ಳುತ್ತಿತ್ತು. ಅತ್ತೆಯ ಜೊತೆ ಪಿಸುಮಾತು, ಕಿಲಕಿಲ ನಗು. ಯಶೋದಾ ಮಗ್ಗದಿಂದಲೇ ಕಿವಿ ನಿಮಿರಿಸುವಳು. ರಮಾದೇವಿ ಕೊಟ್ಟ ಗಾಜಿನ ಬಳೆಗಳನ್ನು ಅಕ್ಕಿ ಡಬ್ಬದ ಹಿಂದೆ ಸರಿಸಿಟ್ಟದ್ದೂ ಅವಳೇ, ಮಗು ಹುಡುಕಿದಾಗ "ನಂಗೇನ್ ಗೊತ್ತು" ಅಂದದ್ದೂ ಅವಳೇ.

ಗಂಡನ ತಾಯಿ ಬನಶಂಕರಮ್ಮ ಎಲ್ಲ ನೋಡುತ್ತಿದ್ದಳು. "ಒಲೆ ಯಾಕ್ ಹಚ್ತೀಯಾ ತಲ್ಲಿ? ನಿನ್ ಹೊಟ್ಟೆ ಮ್ಯಾಲೆ ಪಾತ್ರೆ ಇಟ್ರೆ ಅನ್ನ ಬೆಂದೋಯ್ತದೆ."

ದಸರೆಗೆ ರಮಾದೇವಿ ಬರುತ್ತಾಳೆಂದು ತಿಳಿದದ್ದೇ ಯಶೋದಾ ಗೆಲ್ಲುವ ದಾರಿ ಹುಡುಕಿದಳು. ಮಗ್ಗಕ್ಕೆ ಏರಿಸಿದ ನೂಲು ಮುಗಿಯುತ್ತ ಬಂದಾಗ ಕೊನೆಯಲ್ಲಿ ಸೀರೆಗೆ ಸಾಲದ ತುಂಡೊಂದು ಉಳಿಯುತ್ತದೆ. ಆ ಮನೆಯಲ್ಲಿ ಅದು ಹೆಣ್ಣುಮಕ್ಕಳ ಲಂಗಕ್ಕೆ ಮೀಸಲು. ಅದನ್ನೇ ಗುಟ್ಟಾಗಿ ಹೊಲಿಸಿಟ್ಟಳು. ರಮಾದೇವಿ ಹೊಸ್ತಿಲು ದಾಟಿದ್ದೇ ತಡ, ಅಂಜಿಯನ್ನು ಒಳಗೆಳೆದು ಲಂಗ ಉಡಿಸಿ ಪಡಸಾಲೆಗೆ ತಂದು ನಿಲ್ಲಿಸಿದಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಉಡುಸಲಮ್ಮನೂ ಅಲ್ಲೇ ಇದ್ದಳು.

"ನೋಡು ರಮಾ, ನಮ್ಮಂಜಿಗೆ ಏನ್ ಬೇಕು ಅಂತ ಹೆತ್ತೋಳಿಗೆ ಗೊತ್ತಾಗಲ್ವಾ?"

ಉಡುಸಲಮ್ಮ ನಕ್ಕಳು. "ಅಯ್ಯೋ, ಗಂಡ್ ಹುಡ್ಗನ್ಗೆ ಲಂಗಾನಾ! ಇದೇನ್ ವೇಷ ಕಣಮ್ಮ?"

ಅಂಜಿ ಲಂಗ ಕಿತ್ತೆಸೆದು, ಮಗ್ಗದ ಕೆಳಗೆ ಕಾಲಿಡುವ ಗುಂಡಿಗೆ ಇಳಿದು ಮುದುಡಿಕೊಂಡಿತು. "ನಾನ್ ಕೇಳಿದ್ನಾ? ಎಲ್ರಿಗೂ ಯಾಕ್ ತೋರಿಸ್ದೆ?"

ರಮಾದೇವಿ ಉಡುಸಲಮ್ಮನಿಗೆ ಮಜ್ಜಿಗೆ ಕೊಟ್ಟು ಸಾಗಹಾಕಿದಳು. ಯಶೋದಾ ಗುಂಡಿಯ ಅಂಚಿನಲ್ಲಿ ಕೂತು, ತಪ್ಪಾಯ್ತು ಎಂದಳು. ಮತ್ತೊಮ್ಮೆ ಎಂದಳು. ಕೊನೆಗೆ ತಡೆಯಲಾರದೆ ಕೇಳಿದಳು: "ಅತ್ತೆಗೆ ಹೇಳ್ದೆ, ನಂಗ್ಯಾಕ್ ಹೇಳ್ಲಿಲ್ಲ ಕಂದಾ?"

"ನಿಂಗೇ ಮೊದ್ಲು ಹೇಳಿದ್ದು. ಯುಗಾದಿಗೂ ಮುಂಚೆ. ನೀನು ಹೂಂ ಹೂಂ ಅಂದ್ಕೊಂಡು ನೇಯ್ತಾನೇ ಇದ್ದೆ. ನಾನ್ ಮಾತಾಡಿದ್ರೆ ಅತ್ತೆ ಹೊಲಿಗೆ ಮಿಷನ್ ನಿಲ್ಲಿಸ್ತಾರೆ."

ಹಬ್ಬ ಮುಗಿದು ರಮಾದೇವಿ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಬಳೆಗಳು ಅಕ್ಕಿ ಡಬ್ಬದ ಹಿಂದಿನಿಂದ ಗೋಡೆಯ ಗೂಡಿಗೆ ಬಂದವು. ಅಂಜಿ ಮಾತ್ರ ಅಮ್ಮನ ಬಳಿ ಸುಳಿಯಲಿಲ್ಲ.

ಒಂದು ಮಧ್ಯಾಹ್ನ, ಹೂವಿನ ಸಾಲು ಅರ್ಧಕ್ಕೆ ಬಂದಿರುವಾಗ, ಕಂಬದ ಮರೆಯಿಂದ "ಅಮ್ಮಾ" ಎಂಬ ಸಣ್ಣ ದನಿ ಕೇಳಿಸಿತು.

ಯಶೋದಾಳ ಕೈ ನಿಂತಿತು. ಲಾಳಿ ನೂಲಿನ ನಡುವೆಯೇ ಉಳಿಯಿತು. ಗೆರೆ ಬೀಳುತ್ತದೆಂದು ಗೊತ್ತಿದ್ದೇ ಅವಳು ಪೂರ್ತಿ ತಿರುಗಿ ಕೂತಳು.

"ನನ್ ಕೂದ್ಲು ಬೆಳೆಯೋಕೆ ಬಿಡ್ತೀಯಾ? ಲಂಗ ಬ್ಯಾಡ. ಕೂದ್ಲು ಮಾತ್ರ."

"ಬಿಡ್ತೀನಿ."

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ನಾಲಿಗೆ ಕೇಳಿಯೇಬಿಟ್ಟಿತು: "ಇದನ್ನ ಅತ್ತೆಗೆ ಹೇಳಿದ್ಯಾ?"

"ಇನ್ನೂ ಇಲ್ಲ."

ಯಶೋದಾ ಮೂಗೊರೆಸುವ ನೆಪದಲ್ಲಿ ಸೆರಗಿನೊಳಗೆ ನಗು ಮುಚ್ಚಿಕೊಂಡಳು.