ಗುದ್ದುವುದಕ್ಕೊಂದು ಜಾಗ

ಡ್ರೈವರ್ ಸಂಜೀವಣ್ಣ ಪಿಕಪ್ಪನ್ನು ನಾಲ್ಕು ಜನರಿಂದ ತಳ್ಳಿಸಿಕೊಂಡು ವಿಲೆ ಪಾರ್ಲೆಯ ನನ್ನ ಟಿವಿ ರಿಪೇರಿ ಅಂಗಡಿಗೇ ಬಂದ. ಅವನ ಧಣಿ ದುಬೈಯಿಂದ ತರಿಸಿದ್ದ ಹಳೇ ಗಾಡಿ. ಇಂಜಿನ್ನಿನ ಕಂಪ್ಯೂಟರ್ ಕೆಟ್ಟಿದೆ, ಟಿವಿ ರಿಪೇರಿಯವರಿಗೆ ತೋರಿಸು ಎಂದು ಗ್ಯಾರೇಜಿನವರು ಕಳಿಸಿದ್ದರಂತೆ. ಇಂಜಿನ್ನಿಗೂ ಕಂಪ್ಯೂಟರ್ ಇರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. ಅದನ್ನು ಹೇಳಲು ನಾಚಿಕೆಯಾಗಿ ಆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದೆ.

"ದಿನಾ ಈ ಪೆಟ್ಟಿಗೆಗೊಂದು ಗುದ್ದಿದರೆ ಸ್ಟಾರ್ಟ್ ಆಗ್ತಿತ್ತು. ಇವತ್ತು ಅದೂ ಇಲ್ಲ. ಸಂಜೆಯೊಳಗೆ ಓಡದಿದ್ದರೆ ಧಣಿ ಗಾಡಿಯನ್ನು ಗುಜರಿಗೆ ಹಾಕ್ತಾರೆ, ನನ್ನನ್ನು ಊರಿಗೆ ಕಳಿಸ್ತಾರೆ" ಅಂದ.

ಅವನು ನನ್ನ ಬೆನ್ನ ಹಿಂದೆಯೇ ನಿಂತು ನಿಮಿಷಕ್ಕೊಮ್ಮೆ "ಆಯ್ತಾ?" ಅನ್ನುತ್ತಿದ್ದ. ಒಳಗೆ ಬೆಸುಗೆಗಳು ಬಿರುಕು ಬಿಟ್ಟಿದ್ದವು. ಎಲ್ಲವನ್ನೂ ಹೊಸದಾಗಿ ಹಾಕಿದೆ. ಕೀ ತಿರುಗಿಸಿದ್ದೇ ಇಂಜಿನ್ ಸ್ಟಾರ್ಟ್ ಆಯಿತು.

ಸಂಜೀವಣ್ಣನ ಮುಖ ಇಳಿಯಿತು. "ಗುದ್ದದೆ ಸ್ಟಾರ್ಟ್ ಆದದ್ದನ್ನು ನಂಬುವುದು ಹೇಗೆ ಮಾರಾಯ್ರೆ?" ಅನ್ನುತ್ತ ಪೆಟ್ಟಿಗೆಯ ಮೇಲೆ ಮುಷ್ಟಿ ಎತ್ತಿದ. ನಾನು ಗಾಬರಿಯಿಂದ ಅವನ ಕೈ ಹಿಡಿದುಕೊಂಡೆ.

"ಅಲ್ಲಲ್ಲ, ಗುದ್ದಿನ ಕನೆಕ್ಷನ್ ಈಗ ಗಾಡಿಯ ಬಾಗಿಲಿಗೆ ಕೊಟ್ಟಿದ್ದೇನೆ. ಇನ್ನು ಅಲ್ಲಿ ಗುದ್ದಿ."

ವರ್ಷದ ಮೇಲೆ ಮಾಟುಂಗದ ಹೋಟೆಲಿನಲ್ಲಿ ಸಿಕ್ಕಿದ. ಗಾಡಿ ಒಂದು ದಿನವೂ ಕೈಕೊಟ್ಟಿಲ್ಲವಂತೆ. ಬಾಗಿಲು ಮಾತ್ರ ಕಳಚಿ ಬಿದ್ದಿದೆಯಂತೆ. ಕನೆಕ್ಷನ್ ಕೊಟ್ಟವನು ನಾನಾದ್ದರಿಂದ ಅದನ್ನೂ ನಾನೇ ರಿಪೇರಿ ಮಾಡಬೇಕಂತೆ.