ಗಿಡ್ಡಪ್ಪಣ್ಣ ಕಟ್ಟಿಕೊಟ್ಟ ಚೀಲ

ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮೂವತ್ತಾರು ವರ್ಷ ಹರಿಹರದ ಶಾಲೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳಿಯೇ ಸಂಬಳ ತೆಗೆದುಕೊಂಡವಳು ನಾನು. ಆ ಕೆಲಸ ನನ್ನೊಬ್ಬಳದೇ ಅಂತ ಒಂದು ಜಂಬ. ಬಸವಣ್ಣೆಮ್ಮ ಟೀಚರ್ ಬಂದರೆ ಬೀದಿ ನಾಯಿಯೂ ಎದ್ದು ನಿಲ್ಲುತ್ತದೆ ಅಂತ ಮಗಳು ಅಂಕಿತಾ ಆಡಿಕೊಳ್ಳುತ್ತಾಳೆ. ಅಂಥ ನಾನು ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಗಿಡ್ಡಪ್ಪಣ್ಣನ ಮುಂದೆ ಕೈಕಟ್ಟಿ ನಿಂತು ಪಾಠ ಹೇಳಿಸಿಕೊಂಡೆ. ಹೇಳಿಸಿಕೊಂಡಿದ್ದು ಎಷ್ಟು ಒಳ್ಳೆಯದಾಯಿತೆಂದು ಇವತ್ತಿಗೂ ನೆನೆಯುತ್ತೇನೆ.

ಹೆಸರು ಗಿಡ್ಡಪ್ಪ, ಆಳು ಆರಡಿ. ಕೊಕ್ಕನೂರಿನವರು. ಹತ್ತೊಂಬತ್ತನೇ ವಯಸ್ಸಿಗೆ ದಾವಣಗೆರೆಯ ಒಂದು ಹತ್ತಿ ಗಿರಣಿ ಸೇರಿ, ಬಟ್ಟೆ ಮಡಿಸಿ ಗಂಟು ಕಟ್ಟುವ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದರು. ಗಿರಣಿ ಬಾಗಿಲು ಹಾಕಿತು. ಜೊತೆಗಿದ್ದವರಲ್ಲಿ ಕೆಲವರು ಆಟೋ ಹಿಡಿದರು, ಕೆಲವರು ಊರಿಗೆ ಹೋಗಿ ಗದ್ದೆಗಿಳಿದರು, ಕೆಲವರು ಕುಡಿದು ಹಾಳಾದರು. ಇವರು ಹರಿಹರಕ್ಕೆ ಬಂದು ಇದ್ದಿಲ ಇಸ್ತ್ರಿ ಪೆಟ್ಟಿಗೆ ಹಿಡಿದರು. "ಬಟ್ಟೆ ಬಿಟ್ರೆ ಬ್ಯಾರೆ ಏನೂ ನನ್ನ ಕೈಗೆ ಗೊತ್ತಿಲ್ಲ ಟೀಚರ್ರೇ" ಅನ್ನುತ್ತಾರೆ. ಹೆಂಡತಿ ಯಲ್ಲಕ್ಕ ಪಕ್ಕದಲ್ಲೇ ಕೂತು ಗಂಟು ಬಿಚ್ಚುವುದು, ನೀರು ಚಿಮುಕಿಸುವುದು, ಗಂಡನನ್ನು ರೇಗಿಸುವುದು ಮೂರನ್ನೂ ಒಟ್ಟಿಗೆ ಮಾಡುತ್ತಾರೆ.

ಗಿಡ್ಡಪ್ಪಣ್ಣನದೊಂದು ಚಟವಿದೆ. ಯಾರಾದರೂ ದೂರದ ಪ್ರವಾಸ ಮುಗಿಸಿ ಬಂದು ಬಟ್ಟೆ ಗಂಟು ಇಳಿಸಿದರೆ, ಇಸ್ತ್ರಿ ಮುಟ್ಟುವ ಮೊದಲು ಒಂದೊಂದನ್ನೇ ಎತ್ತಿ ನೋಡುತ್ತಾರೆ. "ಇದರ ಮಡಿಕೆ ಮುರಿದೇ ಇಲ್ಲ. ಹೊತ್ಕಂಡು ಹೋಗಿ ಹೊತ್ಕಂಡು ಬಂದೀರಿ. ಯಾಕ ಉಡ್ಲಿಲ್ಲ?" ಅಂತ ಕೇಳುತ್ತಾರೆ. ಭಾರವಾಯಿತು, ಒಣಗಲಿಲ್ಲ, ಸೆಕೆಯಾಯಿತು, ಅಲ್ಲಿ ಇದನ್ನು ಉಡುವಂಥ ಜಾಗವೇ ಇರಲಿಲ್ಲ ಅಂತ ಅವರೇನು ಹೇಳಿದರೂ ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹೀಗೆ ಇಪ್ಪತ್ತೆಂಟು ವರ್ಷ ಕೇಳಿ ಕೇಳಿ, ಯಾವ ಊರಿನ ಯಾವ ಹವೆಗೆ ಯಾವ ಬಟ್ಟೆ ಅನ್ನುವುದು ಅವರಿಗೆ ಬಾಯಿಪಾಠ. ಅವರು ಮಾತ್ರ ಎಲ್ಲಿಗೂ ಹೋದವರಲ್ಲ. ಬಸ್ಸು ಹತ್ತಿದರೆ ವಾಂತಿ. ಯಲ್ಲಕ್ಕ ಬಿಡುತ್ತಾರೆಯೇ, "ಮಲೇಬೆನ್ನೂರು ಮುಟ್ಟೋದ್ರೊಳಗೆ ಎರಡು ಸಲ ಬಸ್ ನಿಲ್ಸಿದ ಮನುಷ್ಯ, ಕೇದಾರದ ಚಳಿ ಹೆಂಗೈತೆ ಅಂತ ಹೇಳ್ತಾರೆ ನೋಡ್ರಿ" ಅಂತ ನಗುತ್ತಾರೆ.

ಕೇದಾರಕ್ಕೆ ಹೊರಟವಳು ನಾನು. ಎದೆಯ ಗಡ್ಡೆ ತೆಗೆಸಿಕೊಂಡು ಒಂದೂವರೆ ವರ್ಷವಾಗಿತ್ತು. ಬಲಗಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಆ ಕೈಯಲ್ಲಿ ಭಾರ ಎತ್ತಿದರೆ ಬಾತುಕೊಳ್ಳುತ್ತದೆ. ಚಿಕಿತ್ಸೆಯ ದಿನಗಳಲ್ಲಿ, ಕೂದಲೆಲ್ಲ ಉದುರಿ ಕನ್ನಡಿಗೆ ಬಟ್ಟೆ ಮುಚ್ಚಿದ್ದ ದಿನಗಳಲ್ಲಿ, ಉಳಿದರೆ ಕಾಶಿ ಕೇದಾರ ನೋಡಿ ಬರುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಉಳಿದೆ. ದಾವಣಗೆರೆಯ ಕೊಟ್ಟೂರೇಶ್ ಪ್ರತಿ ಮೇ ತಿಂಗಳಲ್ಲಿ ಇಪ್ಪತ್ತು ಮಂದಿಯನ್ನು ಇಪ್ಪತ್ತೆರಡು ದಿನದ ಯಾತ್ರೆಗೆ ಕರೆದುಕೊಂಡು ಹೋಗುತ್ತಾರೆ. ಮೊದಲು ಕಾಶಿ, ಆಮೇಲೆ ಕೇದಾರ, ಕೊನೆಗೆ ದ್ವಾರಕೆ. ಬೆಂಕಿಯಂಥ ಬಿಸಿಲು, ಹಿಮ, ಕಡಲ ಸೆಕೆ ಎಲ್ಲವೂ ಒಂದೇ ಟಿಕೆಟ್ಟಿನಲ್ಲಿ. ಅವರದು ಒಂದೇ ಕರಾರು: ಅವರವರ ಚೀಲ ಅವರವರೇ ಹೊರಬೇಕು.

ಡಾಕ್ಟರು ಹೋಗಿಬನ್ನಿ ಅಂದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅಂಕಿತಾ ದಾವಣಗೆರೆಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ, ದಿನಾ ಹರಿಹರದಿಂದ ಹೋಗಿ ಬರುತ್ತಾಳೆ. ಅವಳು ಸಂಜೆ ಬಂದವಳೇ ತೂಕದ ಯಂತ್ರವನ್ನು ನಡುಮನೆಯಲ್ಲಿ ಇಟ್ಟಳು. "ಎಡಗೈಲಿ ಐದು ಕೆಜಿ ಅಂತ ಡಾಕ್ಟ್ರು ಹೇಳಿದಾರೆ. ಶನಿವಾರ ತೂಕ ಹಾಕ್ತೀನಿ. ಐದು ದಾಟ್ತೋ, ಟಿಕೆಟ್ ಕ್ಯಾನ್ಸಲ್" ಅಂದಳು. ನನ್ನ ಮಗಳೇ ಸರಿ, ಹೇಳಿದ್ದನ್ನು ಮಾಡುತ್ತಾಳೆ. ನಾನು ಕಟ್ಟಿದ್ದ ಸೂಟ್‌ಕೇಸನ್ನು ಅವಳಿಲ್ಲದಾಗ ತೂಗಿ ನೋಡಿದೆ. ಹದಿನಾಲ್ಕೂವರೆ!

ಅದಕ್ಕೆ ಕಾರಣವಿತ್ತು. ಕಾಶಿಗೆ ಹೊರಟವರಿಗೆ ನೆಂಟರೆಲ್ಲ ಬಟ್ಟೆ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹನ್ನೊಂದು ಸೀರೆ ಬಂದಿದ್ದವು. ಕೊಟ್ಟವರೆಲ್ಲರದೂ ಒಂದೇ ಮಾತು, ಗಂಗೆಯಲ್ಲಿ ಮುಳುಗುವಾಗ ನನ್ನ ಸೀರೆಯೇ ಮೈಮೇಲಿರಬೇಕು. ಕಡರನಾಯಕನಹಳ್ಳಿಯ ನಮ್ಮ ಚಿಕ್ಕಮ್ಮನಿಗೆ ಎಂಬತ್ತನಾಲ್ಕು. ತನ್ನ ಪೆಟ್ಟಿಗೆಯ ತಳದಿಂದ ಜರಿ ಸೀರೆ ತೆಗೆದುಕೊಟ್ಟು, "ನಾನಂತೂ ಹೋಗಲಾರೆ ಕಣವ್ವ, ನನ್ನ ಸೀರೆಯಾದ್ರೂ ಒಂದು ಮುಳುಗು ಹಾಕಿ ಬರ್ಲಿ" ಅಂತ ಕೈ ಹಿಡಿದುಕೊಂಡಿದ್ದಳು. ಯಾವುದನ್ನು ಬಿಡುವುದು? ಅತ್ತ ದರಿ, ಇತ್ತ ಪುಲಿ. ಅರ್ಧ ದಿನ ಮಂಚದ ತುಂಬ ಸೀರೆ ಹರಡಿಕೊಂಡು ಅತ್ತೆ ಅಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಯಾರೂ ನಂಬಲಾರರು.

ಕೊನೆಗೆ ಸೂಟ್‌ಕೇಸನ್ನು ಪಕ್ಕದ ಮನೆಯವರಿಂದ ಎತ್ತಿಸಿಕೊಂಡು ಇಸ್ತ್ರಿ ಅಂಗಡಿಗೆ ಹೋದೆ. "ಐದು ಕೆಜಿ ಮಾಡಿಕೊಡ್ರಿ ಗಿಡ್ಡಪ್ಪಣ್ಣ, ಇಲ್ಲಾಂದ್ರೆ ನನ್ನ ಯಾತ್ರೆ ಮುಗೀತು" ಅಂದೆ.

"ಕೂಡ್ರಿ ಟೀಚರ್ರೇ" ಅಂತ ಸ್ಟೂಲು ಹಾಕಿ, ಮೊದಲು ಸೂಟ್‌ಕೇಸನ್ನೇ ಖಾಲಿ ಮಾಡಿ ಪಕ್ಕಕ್ಕಿಟ್ಟರು. "ಈ ಪೆಟ್ಟಿಗಿದೇ ನಾಲ್ಕು ಕೆಜಿ ಐತೆ. ಇದನ್ನ ಹೊರಾಕ ಕಾಶಿಗೆ ಹೋಗ್ಬೇಕಾ?" ಅಂದರು. ಅದರ ಬದಲು ಹೆಗಲಿಗೆ ಹಾಕುವ ಹಗುರ ಬಟ್ಟೆಚೀಲ ತಂದಿಟ್ಟರು. ಆಮೇಲೆ ನನ್ನ ನಿತ್ಯದ ಸೀರೆಗಳಲ್ಲಿ ನಾಲ್ಕನ್ನು ಆರಿಸಿ, ಸೆರಗಿನ ತುದಿಗಳನ್ನು ಮಾತ್ರ ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ಅಂಗಡಿ ಮುಂದಿನ ತಂತಿಗೆ ಹಾಕಿ ಗಡಿಯಾರ ನೋಡುತ್ತ ಕೂತರು. ನನ್ನ ಮೆಚ್ಚಿನ ದಪ್ಪ ನೂಲಿನ ಸೀರೆ ಮೂರು ತಾಸು ಕಳೆದರೂ ತೇವವಾಗಿಯೇ ಇತ್ತು. ನಲವತ್ತು ನಿಮಿಷದಲ್ಲಿ ಒಣಗಿದ ಎರಡು ತೆಳು ಸೀರೆಗಳಿಗೆ ಟಿಕೆಟ್ ಸಿಕ್ಕಿತು. ರಾತ್ರಿ ಒಗೆದು, ಒಣ ಟವೆಲ್ಲಿನಲ್ಲಿ ಸುತ್ತಿ ಹಿಂಡಿ ಹಾಕಿದರೆ ಬೆಳಗ್ಗೆ ಉಡಬಹುದು. ಒಂದು ಮೈಮೇಲೆ, ಒಂದು ಚೀಲದಲ್ಲಿ.

"ಚಳಿಗೆ?" ಅಂದೆ.

"ದಪ್ಪಂದು ಒಂದು ಬ್ಯಾಡ, ತೆಳ್ಳಂದು ಮೂರು ಇರ್ಲಿ. ಒಂದರ ಮ್ಯಾಲೊಂದು ಹಾಕ್ಕಳ್ರಿ. ಸೆಕೆ ಆದಂಗೆ ಬಿಚ್ಕಂತ ಬರ್ರಿ" ಅಂದವರು ತಲೆ ಎತ್ತದೆ, "ಕುದುರೆ ಮ್ಯಾಲೆ ಹತ್ತೋ ದಿನ ಅಂಕಿತಮ್ಮಂದು ಚೂಡಿದಾರ" ಅಂದರು.

ನನಗೆ ಸಿಟ್ಟು ಬಂತು. ಅರವತ್ತೊಂದು ವರ್ಷದಲ್ಲಿ ಸೀರೆ ಬಿಟ್ಟು ಬೇರೆ ತೊಟ್ಟವಳಲ್ಲ. ಜನ ಏನೆನ್ನುತ್ತಾರೆ ಅಂತ ರೇಗಿದೆ. ಯಲ್ಲಕ್ಕ ಗಂಟು ಬಿಚ್ಚುತ್ತಲೇ, "ಕೇದಾರದಾಗ ನಿಮ್ಮನ್ನ ನೋಡಾಕ ಹರಿಹರದ ಮಂದಿ ಯಾರು ಬರ್ತಾರೆ, ಸುಮ್ನೆ ಹಾಕ್ಕಳ್ರಿ" ಅಂದರು. ಒಪ್ಪಿಕೊಂಡೆ.

ಉಳಿದದ್ದು ಹನ್ನೊಂದು ಸೀರೆ. ನಾನು ಒಂದೊಂದರ ಕಥೆ ಹೇಳಿದೆ, ಚಿಕ್ಕಮ್ಮನ ಮಾತನ್ನೂ ಹೇಳಿದೆ. ಗಿಡ್ಡಪ್ಪಣ್ಣ ಆ ಮಾತು ಕೇಳಿ ಕೈಲಿದ್ದ ಸೀರೆ ಕೆಳಗಿಟ್ಟರು. ಜರಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನ ತುದಿಯನ್ನು ಬೆರಳಲ್ಲಿ ಸವರುತ್ತ ಬಹಳ ಹೊತ್ತು ಕೂತರು. ಆಮೇಲೆ, "ಸೀರೆ ಪೂರ್ತಿ ಯಾಕ ಮುಳುಗ್ಬೇಕು? ಒಂದು ಎಳೆ ಮುಳುಗಿದ್ರೆ ಸಾಲ್ದಾ?" ಅಂದರು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಾಶಿಯಿಂದ ಬಂದವರು ಎಲ್ಲರಿಗೂ ಕೈಗೆ ಕಟ್ಟಲು ಕಾಶಿದಾರ ತರುವುದು ಇದ್ದೇ ಇದೆ. ಆ ದಾರ ಅವರವರ ಸೀರೆಯದೇ ಆದರೆ ಯಾರು ಬೇಡವೆಂದಾರು? ಯಲ್ಲಕ್ಕ ಸೆರಗಿನ ಕುಚ್ಚಿನಿಂದ ಉಗುರಲ್ಲಿ ಒಂದೊಂದೇ ಎಳೆ ಬಿಡಿಸಿದರು. ಹನ್ನೊಂದು ಬಣ್ಣದ ಹನ್ನೊಂದು ಎಳೆ. ಗಿಡ್ಡಪ್ಪಣ್ಣ ಹಲಗೆಯ ಕೆಳಗಿನ ಡಬ್ಬಿ ತೆಗೆದು, ಹಳದಿಗೆ ತಿರುಗಿದ ಮೊಳದುದ್ದದ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಹುಡುಕಿ, ಎಳೆಗಳನ್ನೆಲ್ಲ ಕೂಡಿಸಿ ಅದರಿಂದ ಬಿಗಿದು ಕಟ್ಟಿಕೊಟ್ಟರು. "ಬಿಚ್ಬ್ಯಾಡ್ರಿ, ಹಿಂಗೇ ಮುಳುಗಿಸ್ರಿ" ಅಂದರು.

ಶನಿವಾರ ಅಂಕಿತಾ ಗಿಡ್ಡಪ್ಪಣ್ಣ ಕಟ್ಟಿಕೊಟ್ಟ ಚೀಲ ತೂಗಿದಳು. ನಾಲ್ಕು ಕೆಜಿ ಎಂಟುನೂರು ಗ್ರಾಂ. ಎರಡನೇ ಸಲ ತೂಗಿದಳು. ಆಮೇಲೆ ನನ್ನನ್ನು ತಬ್ಬಿಕೊಂಡು, "ಹೋಗಿ ಬಾರಮ್ಮ" ಅಂದಳು. ಅವಳಿಗೆ ಎಷ್ಟು ಹೆದರಿಕೆಯಿತ್ತೆಂದು ಆಗ ಗೊತ್ತಾಯಿತು.

ದಾವಣಗೆರೆ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೇ ಕೊಟ್ಟೂರೇಶರ ಗಾಲಿ ಸೂಟ್‌ಕೇಸಿನ ಒಂದು ಗಾಲಿ ಕಿತ್ತುಕೊಂಡು ಹೋಯಿತು. ಯಾತ್ರೆಯುದ್ದಕ್ಕೂ ಅವರು ಅದನ್ನು ಹೆಗಲ ಮೇಲೆ ಹೊತ್ತು, ನನ್ನ ಚೀಲದ ಕಡೆ ಆಸೆಯಿಂದ ನೋಡುತ್ತಿದ್ದರು. ನಾನೂ ಸ್ವಲ್ಪ ಬೀಗಿದೆ, ಸುಳ್ಳೇಕೆ. ಕಾಶಿಯಲ್ಲಿ ಮೈಮೇಲಿನ ಸೀರೆ ಬೆವರಿಗೆ ತೊಯ್ದು ಮತ್ತೊಂದು ಗಂಟೆಗೆ ತಾನೇ ಒಣಗುತ್ತಿತ್ತು. ಗಂಗೆಗಿಳಿದಾಗ ಎಳೆಗಳ ಕಟ್ಟನ್ನು ಮುಷ್ಟಿಯಲ್ಲಿ ಹಿಡಿದು ಮೂರು ಸಲ ಮುಳುಗಿ, ಹನ್ನೊಂದು ಹೆಸರನ್ನೂ ಹೇಳಿದೆ.

ಕೇದಾರದ ದಾರಿಯಲ್ಲಿ ಆಲಿಕಲ್ಲು ಬಿತ್ತು. ಚೂಡಿದಾರ ತೊಟ್ಟು, ಮೂರು ತೆಳು ಅಂಗಿ ಹಾಕಿ, ಮೇಲೆ ರೇನ್‌ಕೋಟು ಏರಿಸಿಕೊಂಡು ಕುದುರೆಯ ಮೇಲೆ ಕೂತಿದ್ದೆ. ಗುಡಿ ಕಂಡಾಗ ಕೆಳಗಿಳಿದು, ಚೀಲವನ್ನು ಎಡ ಹೆಗಲಿಗೆ ಹಾಕಿ ನಾನೇ ನಡೆದೆ. ಯಾರ ಕೈಯನ್ನೂ ಹಿಡಿಯಲಿಲ್ಲ. ಹಿಮದ ಬೆಟ್ಟ ನೋಡುತ್ತ ನಿಂತಾಗ, ಬದುಕಿದ್ದೇನೆ ಅನ್ನುವುದು ಮೊದಲ ಸಲ ಪೂರ್ತಿ ಅನ್ನಿಸಿತು. ದೇವರನ್ನು ನೆನೆದೆ, ಡಾಕ್ಟರನ್ನು ನೆನೆದೆ, ಅಂಕಿತಾಳನ್ನು ನೆನೆದೆ. ಬಟ್ಟೆ ತಂತಿಯ ಕೆಳಗೆ ಗಡಿಯಾರ ನೋಡುತ್ತ ಕೂತಿದ್ದ ಆ ಉದ್ದನೆ ಮನುಷ್ಯನನ್ನೂ ನೆನೆದೆ. ದ್ವಾರಕೆಯ ಸೆಕೆಯನ್ನೂ ದಾಟಿ ಊರಿಗೆ ಬಂದಾಗ ಕೈ ಬಾತಿರಲಿಲ್ಲ.

ಬಂದ ವಾರ ಕಟ್ಟು ಬಿಚ್ಚಿ, ಮನೆಮನೆಗೆ ಹೋಗಿ ಎಳೆ ಕಟ್ಟಿದೆ. ಚಿಕ್ಕಮ್ಮ ತನ್ನ ಜರಿಯ ಎಳೆಯನ್ನು ಕಣ್ಣಿಗೊತ್ತಿಕೊಂಡು, ನಾನೂ ಹೋಗಿ ಬಂದಂಗಾಯ್ತು ಅಂದಳು. ಗಿಡ್ಡಪ್ಪಣ್ಣನಿಗೆ ದ್ವಾರಕೆಯ ಪ್ರಸಾದವನ್ನೂ ಗಂಗೆಯ ನೀರು ತುಂಬಿದ ಪುಟ್ಟ ಥಾಲಿಯನ್ನೂ ಕಾಗದದಲ್ಲಿ ಸುತ್ತಿದೆ. ಕಟ್ಟಲು ದಾರ ಸಿಗಲಿಲ್ಲ. ಮೇಜಿನ ಮೇಲೆ ಉಳಿದಿದ್ದ ಆ ಹಳೇ ಪಟ್ಟಿಯನ್ನೇ ಸುತ್ತಿ ಗಂಟು ಹಾಕಿ, ಯಾತ್ರೆಯ ಬಟ್ಟೆ ಗಂಟಿನ ಜೊತೆ ತೆಗೆದುಕೊಂಡು ಹೋದೆ.

ಅವರು ಮೊದಲು ಬಟ್ಟೆ ಗಂಟನ್ನೇ ಬಿಚ್ಚಿದರು. ಎಲ್ಲವನ್ನೂ ಎತ್ತಿ ಎತ್ತಿ ನೋಡಿ, "ಮಡಿಕೆ ಮುರೀದೆ ಇರೋದು ಒಂದೂ ಇಲ್ಲ" ಅಂತ ಯಲ್ಲಕ್ಕನ ಕಡೆ ತಿರುಗಿ ನಕ್ಕರು. ಪೊಟ್ಟಣ ಕೊಟ್ಟೆ. ಪ್ರಸಾದ ಹಾಗೇ ಹಲಗೆಯ ಮೇಲೆ ಉಳಿಯಿತು. ಅವರು ಪಟ್ಟಿಯ ಗಂಟನ್ನು ಮೆಲ್ಲಗೆ ಬಿಡಿಸಿ, ಹಲಗೆಯ ಮೇಲೆ ನೀಟಾಗಿ ಹಾಸಿ, ಅದರ ಮೇಲೆ ಒಂದು ಸಲ ಇಸ್ತ್ರಿ ಎಳೆದರು.

"ಇದೂ ಮುಳುಗ್ತಾ ಟೀಚರ್ರೇ?"

"ಎಲ್ಲದರ ಜೊತೆ ಅದೂ ಮುಳುಗ್ತು. ಯಾಕ್ರಿ?"

ಯಲ್ಲಕ್ಕನೇ ಹೇಳಿದರು. ಈ ಸಲ ಅವರ ದನಿಯಲ್ಲಿ ತಮಾಷೆಯಿರಲಿಲ್ಲ. "ಮಿಲ್ಲಿನ ಕಡೇ ದಿನ ಇವರು ಮಡಿಸಿದ ಕಡೇ ಬಟ್ಟೆ ಥಾನಿನ ಅಂಚದು. ಇಷ್ಟು ವರ್ಷ ಡಬ್ಬ್ಯಾಗಿತ್ತು. ಯಾರಿಗೂ ಮುಟ್ಟಾಕ ಕೊಟ್ಟಿರ್ಲಿಲ್ಲ."

"ಅಲ್ರೀ, ಬೇರೆ ದಾರ ಇರಲಿಲ್ವಾ?" ಅಂದೆ ಗಿಡ್ಡಪ್ಪಣ್ಣನಿಗೆ.

"ಇತ್ತು" ಅಂದರು. ಪಟ್ಟಿಯ ಅಂಚು ಸರಿಮಾಡುತ್ತ, "ನೂಲು ತೆಗೆದೋರು, ನೇಯ್ದೋರು, ಮಡಿಸಿದೋರು, ಎಷ್ಟೊಂದು ಮಂದಿ ಕೈ ಐತೆ ಅದರಾಗ. ಅರ್ಧ ಮಂದಿ ಈಗ ಇಲ್ಲ. ನಿಮ್ಮ ಚಿಕ್ಕಮ್ಮಾರ ಮಾತು ಕೇಳಿದ ಮ್ಯಾಲೆ, ಇವರೂ ಒಂದು ಮುಳುಗು ಹಾಕಿ ಬರ್ಲಿ ಅನ್ನಿಸ್ತು. ನಿಮಗೆ ಹೇಳ್ದೆ ಕಟ್ಟಿದ್ದು ತಪ್ಪಾತೇನೋ" ಅಂದರು.

ಹನ್ನೊಂದು ಹೆಸರನ್ನು ತಪ್ಪದೆ ಹೇಳಿ ಬಂದ ನಾನು, ಎಲ್ಲವನ್ನೂ ಕೂಡಿಸಿ ಹಿಡಿದಿದ್ದರ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಪಟ್ಟಿಯನ್ನು ಎತ್ತಿಕೊಂಡು ಅವರ ಕೈ ಮುಂದೆ ಚಾಚಿಸಿದೆ. ಇಸ್ತ್ರಿಯ ಬಿಸಿ ಇನ್ನೂ ಅದರಲ್ಲಿತ್ತು. ಕಾಶಿದಾರದ ಹಾಗೆ ಅವರ ಮಣಿಕಟ್ಟಿಗೆ ಸುತ್ತಿ, ಬಿಗಿಯಾಗಿ ಎರಡು ಗಂಟು ಹಾಕಲು ಎರಡೂ ಕೈ ಬೇಕಾದವು. ಬಲಗೈ ತುಸು ನೋಯಿತು, ಆದರೂ ಗಂಟು ಭದ್ರವಾಗಿಯೇ ಬಿತ್ತು.