ಗೂಳಿಯ ಮುಖಕ್ಕೆ ಎದುರಾದ ಲೊರಿವಾಲ್

ಗೂಳಿ ತನ್ನ ಸವಾರನನ್ನು ಕೆಡವಿದ ಕೂಡಲೇ ಅದರ ಮುಖಕ್ಕೆ ಅಡ್ಡ ಓಡಿ, ಸಿಟ್ಟನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು ಲೊರಿವಾಲನ ಕೆಲಸ. ಗೋಯಾಸ್ ಸೀಮೆಯಲ್ಲಿ ಗೂಳಿ ಸವಾರಿಯ ಪಂದ್ಯ ನಡೆಯುವ ರೋಡಿಯೋ ಕಣಗಳಲ್ಲಿ ಇಂಥವರನ್ನು ಜೀವ ಕಾಯುವವರು ಎಂದೇ ಕರೆಯುತ್ತಾರೆ. ಊರಿಂದೂರಿಗೆ ತಿರುಗುವ ಪಂದ್ಯಗಳ ಜೊತೆ ಅವನೂ ತಿರುಗುತ್ತಿದ್ದ. ಆದರೆ ಅವನಷ್ಟು ಪುಕ್ಕಲು ಮನುಷ್ಯ ಆ ಕಣದಲ್ಲಿ ಇನ್ನೊಬ್ಬನಿರಲಿಲ್ಲ. ಪ್ರತಿ ಪಂದ್ಯಕ್ಕೂ ಮುಂಚೆ ಲಾರಿಗಳ ಮರೆಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಜೊತೆಗಾರ ತೋನ್ಯೊ ನೀರಿನ ಬಾಟಲಿ ಹಿಡಿದು ಕಾಯುತ್ತ, “ಸ್ವಲ್ಪ ಉಳಿಸ್ಕೊಳ್ಳೋ, ಗೂಳಿ ಕೊಂಬಿಗೂ ಏನಾದ್ರೂ ಸಿಗ್ಲಿ” ಎಂದು ರೇಗಿಸುತ್ತಿದ್ದ.

ತಂಗಿ ಜುಲೇಯ್ದಿ ಗೂಳಿ ಸವಾರ ಎಡ್ಮಾರನನ್ನು ಮದುವೆಯಾದ ಮೇಲೆ ಆ ಭಯ ಇಮ್ಮಡಿಯಾಯಿತು.

ಗಡಿಯ ಊರೊಂದರಲ್ಲಿ ಚೀಟಿ ಎತ್ತಿದಾಗ ಎಡ್ಮಾರನ ಪಾಲಿಗೆ ಕೊವೇರೊ ಎಂಬ ಗೂಳಿ ಬಂತು. ಹೆಣ ಹೂಳುವವನು ಎಂದು ಆ ಹೆಸರಿನ ಅರ್ಥ. ಹಿಂದಿನ ತಿಂಗಳಷ್ಟೇ ಅದು ಒಬ್ಬನ ದವಡೆ ಮುರಿದಿತ್ತು. ಇದೊಂದನ್ನು ಬಿಟ್ಟುಬಿಡು ಎಂದು ಲೊರಿವಾಲ್ ಬೇಡಿಕೊಂಡ. ಎಡ್ಮಾರ್ ಹಗ್ಗ ಜಾರದಂತೆ ಕೈಗವಸಿಗೆ ಅಂಟು ತಿಕ್ಕುತ್ತಲೇ ನಕ್ಕ. “ಹೆಸರು ನೋಡಿ ಹೆದರ್ತಾರಾ ಭಾವ? ನಿಮ್ಮಮ್ಮನ ಹೆಸರು ದುಲ್ಸಿ, ಸಿಹಿ ಅಂತ. ನನ್ನ ಹತ್ರ ಒಂದಿನ ಆದ್ರೂ ಸಿಹಿಯಾಗಿ ಮಾತಾಡಿದ್ದಾರಾ?”

ಸಂಜೆ ಎಲ್ಲರೂ ಟೋಪಿ ತೆಗೆದು, ಮಣ್ಣಿನಲ್ಲಿ ಮಂಡಿಯೂರಿ, ಅಪರೆಸೀದಾ ಮಾತೆಯನ್ನು ನೆನೆದರು. ಲೊರಿವಾಲನಿಗೆ ಪ್ರಾರ್ಥನೆಯ ಮಾತುಗಳೇ ನೆನಪಾಗಲಿಲ್ಲ.

ಗೂಳಿ ದೊಡ್ಡಿಯ ಬಾಗಿಲು ತೆರೆಯಿತು. ಗೆಲ್ಲಲು ಬೇಕಾದ ಎಂಟು ಸೆಕೆಂಡೂ ಎಡ್ಮಾರ್ ಕೂತ. ಅವಧಿ ಮುಗಿದ ಗಂಟೆ ಹೊಡೆಯಿತು, ಜನ ಕುಣಿದರು. ಅವನು ಹಾರಿ ಇಳಿಯಬೇಕೆನ್ನುವಷ್ಟರಲ್ಲಿ ಗೂಳಿ ದಿಕ್ಕು ಬದಲಿಸಿತು. ಅವನು ತಪ್ಪು ಮಗ್ಗುಲಿಗೆ ಬಿದ್ದ, ಕೈ ಮಾತ್ರ ಗೂಳಿಯ ಮೈಗೆ ಬಿಗಿದ ಹಗ್ಗದಲ್ಲೇ ಸಿಕ್ಕಿಕೊಂಡಿತು. ಒಗೆಯುವ ಬಟ್ಟೆಯಂತೆ ಅವನ ಮೈ ಗೂಳಿಯ ಪಕ್ಕೆಗೆ ಬಡಿಯತೊಡಗಿತು. ಹಗ್ಗಕ್ಕೆ ಕಟ್ಟಿದ್ದ ಗಂಟೆಯ ಸದ್ದೊಂದೇ ಕೇಳುತ್ತಿತ್ತು.

ಲೊರಿವಾಲನ ಕಾಲು ಏಳಲಿಲ್ಲ. ತೋನ್ಯೊ ಗೂಳಿಯ ಮುಖದೆದುರು ಓಡಿದ್ದು ಕಂಡಿತು, ಎಡ್ಮಾರನ ತಲೆ ಜೋತುಬಿದ್ದದ್ದು ಕಂಡಿತು. ಆಮೇಲೆ ತಾನು ಹೇಗೆ ಅಲ್ಲಿಗೆ ತಲುಪಿದೆ ಎಂಬುದು ಅವನಿಗೇ ತಿಳಿಯದು. ಗೂಳಿಯ ಪಕ್ಕೆಗೆ ಅಂಟಿಕೊಂಡೇ ಓಡುತ್ತ, ಹಗ್ಗದ ತುದಿ ಹಿಡಿದು ಜಗ್ಗಿದ. ಜಾರಿತು. ಮತ್ತೆ ಜಗ್ಗಿದ. ಗಂಟು ಸಡಿಲಿ ಎಡ್ಮಾರ್ ನೆಲಕ್ಕೆ ಬಿದ್ದ. ಗೂಳಿ ತಿರುಗಿದ್ದನ್ನು ಕಂಡು ಲೊರಿವಾಲ್ ಅವನ ಮೇಲೆ ಬೋರಲು ಬಿದ್ದು ಕಣ್ಣು ಮುಚ್ಚಿದ. ಕೊಂಬು ಪಕ್ಕೆಯಡಿಗೆ ನುಗ್ಗಿ ಅವನನ್ನು ಎತ್ತಿ ಎಸೆಯಿತು.

ಎಡ್ಮಾರನ ಭುಜ ಕಳಚಿತ್ತು, ಅಷ್ಟೇ. ಲೊರಿವಾಲನಿಗೆ ಪಕ್ಕೆಲುಬುಗಳು ಮುರಿದು ಒಂದು ಶ್ವಾಸಕೋಶಕ್ಕೆ ಪೆಟ್ಟಾಗಿತ್ತು. ಆಸ್ಪತ್ರೆಯಿಂದ ತಂಗಿಯ ಮನೆಗೆ ಬಂದ ಮೇಲೆ, ಇನ್ನು ಕಣದ ಕಡೆ ತಲೆ ಹಾಕುವುದಿಲ್ಲ ಎಂದು ಅವಳಿಗೆ ಸಂತೋಷದಿಂದಲೇ ಮಾತು ಕೊಟ್ಟ. ದನದ ಮೇವಿನ ಅಂಗಡಿಯಲ್ಲಿ ಕೆಲಸಕ್ಕೂ ಸೇರಿದ. ಎಡ್ಮಾರ್ ಮಾತ್ರ ಭುಜ ಕೂಡಿಕೊಂಡದ್ದೇ ತಡ, ಚೀಲ ಹೆಗಲಿಗೇರಿಸಿ ಹೊರಟ.

ಮತ್ತೆ ಕಣಕ್ಕಿಳಿದ ಅವನ ಮೊದಲ ಪಂದ್ಯವನ್ನು ಅಣ್ಣ ತಂಗಿ ಅಡುಗೆಮನೆಯಲ್ಲಿ ಕೂತು ರೇಡಿಯೋದಲ್ಲಿ ಕೇಳಿದರು. ಬಾಗಿಲು ತೆರೆಯಿತು ಎಂದ ಉದ್ಘೋಷಕ ಇದ್ದಕ್ಕಿದ್ದಂತೆ ಸುಮ್ಮನಾದ. ಲೊರಿವಾಲ್ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದ. ಕಣದಲ್ಲಾದರೆ ಓಡಬಹುದಿತ್ತು, ಕೂಗಬಹುದಿತ್ತು. ಇಲ್ಲಿ ಒಲೆಯ ಮೇಲೆ ಅನ್ನ ತಳ ಹಿಡಿದು ವಾಸನೆ ಬಂದರೂ ಇಬ್ಬರೂ ಏಳಲಿಲ್ಲ. ಸವಾರ ಎದ್ದು ನಿಂತ ಎಂದು ಸುದ್ದಿ ಬಂದ ಮೇಲೂ ಲೊರಿವಾಲ್ ಮೇಜಿನ ಅಂಚು ಬಿಡಲಿಲ್ಲ.

ಜುಲೇಯ್ದಿ ರೇಡಿಯೋ ಆರಿಸಿದಳು. “ನಾನು ಇದನ್ನ ಕೇಳಬಾರದು ಅಣ್ಣ. ಆದ್ರೂ ಕೇಳ್ತೀನಿ. ಅವರು ಬೀಳೋ ಜಾಗದಲ್ಲಿ ನೀನಿರು.”

“ನಂಗೆ ತುಂಬಾ ಭಯ ಆಗತ್ತೆ ಕಣೇ.”

“ಗೊತ್ತು.”

ಮುಂದಿನ ವಾರ ಲೊರಿವಾಲ್ ಬಸ್ಸು ಹತ್ತಿದ. ಎಡ್ಮಾರ್ ಇನ್ನೂ ಕೆಲವು ವರ್ಷ ಸವಾರಿ ಮಾಡಿದ. ಆ ವರ್ಷಗಳಲ್ಲಿ ಲೊರಿವಾಲನಿಗೆ ಒಂದು ದಿನವೂ ಧೈರ್ಯ ಬರಲಿಲ್ಲ. ಮುರಿದ ಕಡೆ ಚಳಿಗಾಲದಲ್ಲಿ ನೋಯುತ್ತಿತ್ತು. ಗೂಳಿ ತನ್ನತ್ತ ತಿರುಗಿದಾಗಲೆಲ್ಲ ಅವನು ಸಾಯುತ್ತೇನೆಂದೇ ಅಂದುಕೊಂಡ. ಕೊನೆಗೆ ಮಂಡಿ ಸವೆದು ಎಡ್ಮಾರ್ ಸವಾರಿ ಬಿಟ್ಟ ದಿನ, ಬೇರೆ ಸವಾರರ ಸರದಿಯ ಗೂಳಿಗಳು ಇನ್ನೂ ಬಾಕಿ ಇದ್ದವು. ಅವು ಮುಗಿಯುವವರೆಗೆ ಲೊರಿವಾಲ್ ನಿಂತ. ಆಮೇಲೆ ಕಣದ ಅಂಗಿ ಕಳಚಿ ತೋನ್ಯೊನ ಕೈಗಿಟ್ಟ. ಯಾಕೆ ಬಿಡುತ್ತೀಯ ಎಂದು ಸಂಘಟಕರು ಕೇಳಿದ್ದಕ್ಕೆ, ಹೆದರಿಕೆ ಎಂದ. ಅವರು ತಮಾಷೆ ಎಂದುಕೊಂಡು ನಕ್ಕರು. ತೋನ್ಯೊ ನಗಲಿಲ್ಲ.